ಜೇಡಕ್ಕೆ ಕಟ್ಟಿದ ಮಲ್ಲಿಗೆ

ಬೇಟೆ ಆರಿಸಿಕೊಳ್ಳಲು ಜೇಡಕ್ಕೆ ಅವಸರವಿರಲಿಲ್ಲ, ಅವಸರವಿದ್ದದ್ದು ನನಗೆ. ನನ್ನ ಪಿಎಚ್.ಡಿ. ನೋಂದಣಿಗೆ ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ವಿಸ್ತರಣೆ ಆ ವರ್ಷದ ಚಳಿಗಾಲಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು, ಅಲ್ಲಿಯವರೆಗೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಜೇಡವೋ, ಪೆಟ್ಟಿಗೆಯ ಮೂಲೆಯಲ್ಲಿ ಮುಂಗಾಲು ಮಡಚಿ ಕೂತು ನನ್ನನ್ನೇ ನೋಡುತ್ತಿತ್ತು.

ನಾನು ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮನೆ ಕೊಟ್ಟೂರಿನಲ್ಲಿ. ಬೆಳಗಿನ ಮೊದಲ ಬಸ್ಸುಗಳಲ್ಲೊಂದು ಹಿಡಿದು ಬಂದರೆ ಪಾಠ ಶುರುವಾಗುವ ಮುಂಚೆ ಪ್ರಯೋಗಕ್ಕೆ ಒಂದಿಷ್ಟು ಹೊತ್ತು ಸಿಗುತ್ತಿತ್ತು. ಹಳೆಯ ಸಾಮಾನಿನ ಕೋಣೆಯೊಂದನ್ನು ಕೇಳಿ ಪಡೆದು, ಪೂರ್ವಕ್ಕಿದ್ದ ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ, ಅದನ್ನೇ ಪ್ರಯೋಗಶಾಲೆ ಎಂದು ಕರೆದುಕೊಂಡಿದ್ದೆ. ಬೇರೆಯವರು ಅದನ್ನು 'ಜ್ಯಾಡರಹುಳದ ರೂಮು' ಎನ್ನುತ್ತಿದ್ದರು.

ನನ್ನ ಜೇಡ ಬಲೆ ಕಟ್ಟಿ ಕೂರುವ ಜಾತಿಯದಲ್ಲ. ಅದು ಜಿಗಿಯುವ ಜೇಡ, ಪೋರ್ಷಿಯಾ ಎಂಬ ಕುಲದ್ದು. ನೋಡಲು ಒಣಗಿದ ಎಲೆಯ ಚೂರು. ಅದರ ಮುಖ್ಯ ಆಹಾರ ಬೇರೆ ಜೇಡಗಳು. ಇನ್ನೊಬ್ಬರ ಬಲೆಯ ಅಂಚಿಗೆ ಮೆಲ್ಲಗೆ ಬಂದು, ಸಿಕ್ಕಿಬಿದ್ದ ಹುಳು ಒದ್ದಾಡುವ ಹಾಗೆ ಎಳೆಯನ್ನು ಮೀಟುತ್ತದೆ. ಊಟ ಬಂತೆಂದು ಬಲೆಯ ಒಡತಿ ಓಡಿ ಬಂದರೆ ಅವಳೇ ಊಟ. ಎದುರಿಂದ ಹೋಗಲು ಆಗದಿದ್ದರೆ ಸುತ್ತು ಹಾಕಿ, ಬೇಟೆ ಕಣ್ಮರೆಯಾದರೂ ದಾರಿ ಮರೆಯದೆ, ಮೇಲಿನಿಂದ ಇಳಿದು ಬರುತ್ತದೆ. ಈ ಪಾಟಿ ಲೆಕ್ಕಾಚಾರದ ಪ್ರಾಣಿ ಹಸಿದಾಗ ಯಾವ ಬೇಟೆಯನ್ನು ಆರಿಸುತ್ತದೆ, ಯಾಕೆ ಆರಿಸುತ್ತದೆ ಎಂಬುದು ನನ್ನ ಪ್ರಬಂಧದ ಪ್ರಶ್ನೆ.

ಈ ಬಯಲುಸೀಮೆಯಲ್ಲಿ ಅದು ಸಿಗುವುದೇ ಇಲ್ಲ ಎಂದು ಹೆದರಿಸಿದವರಿದ್ದರು. ಕೂಡ್ಲಿಗಿ ಕಡೆಯ ಕಲ್ಲುಗುಡ್ಡಗಳಲ್ಲಿ ಹುಡುಕಿ ಮೊಣಕಾಲು ತರಚಿಕೊಂಡು ಬರಿಗೈಲಿ ಬಂದಿದ್ದೂ ಉಂಟು. ಕೊನೆಗೆ ಎರಡು ಕಡೆ ಸಿಕ್ಕವು. ಒಂದು, ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿ, ಭೀಮೇಶ್ವರ ಗುಡಿಯ ಹೊರಗೋಡೆಯ ಕಲ್ಲುಸಂದಿಗಳಲ್ಲಿ. ಇನ್ನೊಂದು, ಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ, ನನ್ನ ಅತ್ತೆಯ ಅಣ್ಣನ ಮಲ್ಲಿಗೆ ತೋಟದಲ್ಲಿ. ನಾನು ಅವರನ್ನು ಮಾವ ಎಂದೇ ಕರೆಯುತ್ತಿದ್ದೆ. ನನಗಾಗಿ ತೋಟದ ಒಂದು ಅಂಚಿಗೆ ಅವರು ಔಷಧಿ ಹೊಡೆಯುವುದನ್ನು ಬಿಟ್ಟಿದ್ದರು. "ನನ್ನ ಮಲ್ಲಿಗಿ ಮಂದಿ ತಲೀಗೆ ಹೋಕ್ಕಾವು, ನನ್ನ ಜ್ಯಾಡ ಕಾಲೇಜಿಗೆ ಹೋಕ್ಕಾವು. ನಾ ಮಾತ್ರ ಇಲ್ಲೇ" ಎಂದು ನಗುತ್ತಿದ್ದರು.

ಅದೇ ತೋಟದ ಮೊಗ್ಗು ಬಸ್ಸಿನಲ್ಲಿ ನಮ್ಮ ಮನೆಗೂ ಬರುತ್ತಿತ್ತು. ಸಂಜೆ ಅತ್ತೆ ಬಾಗಿಲ ಕಟ್ಟೆಯ ಮೇಲೆ ಕೂತು ಮಾಲೆ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಬೆಳಗ್ಗೆ ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಅರಳಿದ ಮಾಲೆ ಹಿಡಿದು ಹೊಸ್ತಿಲ ಒಳಗೆ ನಿಂತಿರುತ್ತಿದ್ದರು. "ತಿರುಗು" ಎನ್ನುವರು. ನಾನು ತಿರುಗಿದರೆ ಮುಡಿಗೆ ಸಿಕ್ಕಿಸಿ, ಬೆನ್ನಿಗೊಂದು ಸಣ್ಣ ಏಟು ಕೊಟ್ಟು ಕಳಿಸುವರು. ನನ್ನ ಗಂಡನ ತಂದೆ ತೀರಿಕೊಂಡ ಮೇಲೆ ಅತ್ತೆ ತಾವು ಹೂ ಮುಡಿದಿರಲಿಲ್ಲ. ಆದರೆ ನಾನು ಬರಿ ಮುಡಿಯಲ್ಲಿ ಹೊಸ್ತಿಲು ದಾಟಿದ್ದೂ ಇರಲಿಲ್ಲ.

ಪ್ರಯೋಗದ ಕ್ರಮ ಹೀಗಿತ್ತು. ಜೇಡವನ್ನು ಕೆಲವು ದಿನ ಉಪವಾಸ ಇಡಬೇಕು. ಆಮೇಲೆ ಪೆಟ್ಟಿಗೆಯೊಳಗಿನ ಎರಡು ಕವಲಿನ ಸಣ್ಣ ಮರದ ಸೇತುವೆಯ ಬುಡದಲ್ಲಿ ಬಿಡಬೇಕು. ಒಂದು ಕವಲಿನ ತುದಿಗೆ ಬಲೆ ಕಟ್ಟುವ ಜೇಡ, ಇನ್ನೊಂದರ ತುದಿಗೆ ಅಷ್ಟೇ ಗಾತ್ರದ ನೊಣ. ಜೀವಂತ ಇಟ್ಟರೆ ಒಂದು ಅಲ್ಲಾಡುತ್ತದೆ, ಒಂದು ಸುಮ್ಮನಿರುತ್ತದೆ, ಹೋಲಿಕೆ ಕೆಡುತ್ತದೆ. ಅದಕ್ಕೆ ಸತ್ತವನ್ನೇ ಜೀವಂತ ಕೂತ ಭಂಗಿಯಲ್ಲಿ ಬಿರಡೆಯ ತುಂಡಿಗೆ ಅಂಟಿಸಿ, ಕೆಳಗಿನಿಂದ ಸಣ್ಣಗೆ ಒಂದೇ ಸಮ ಅಲುಗಿಸುವುದು. ವಾಸನೆ ಉಳಿಯದಿರಲೆಂದು ಅವನ್ನು ಸ್ಪಿರಿಟ್‌ನಲ್ಲಿ ನೆನೆಸಿ, ಒಣಗಿಸಿ, ಮೇಲೆ ಪಾರದರ್ಶಕ ಅಂಟನ್ನು ಸಿಂಪಡಿಸುತ್ತಿದ್ದೆ. ಪ್ರತಿ ಸಲವೂ ಸೇತುವೆ ತೊಳೆದು, ಬಲ ಎಡ ಅದಲು ಬದಲು ಮಾಡುತ್ತಿದ್ದೆ. ಪೆಟ್ಟಿಗೆಗೆ ಗಾಳಿಯಾಡಲು ಮೇಲೆ ತೆಳು ಮಲ್ಲಿನ ಬಟ್ಟೆ. ಜೇಡಕ್ಕೆ ಕಣ್ಣೊಂದೇ ಆಧಾರ, ಮೂಗಿಗೆ ಏನೂ ಸಿಗಬಾರದು. ಇದು ನನ್ನ ಹಟ. ಆ ಬಟ್ಟೆಯ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು ನೋಡುತ್ತಾ ಕೂರುತ್ತಿದ್ದೆ.

ಬೇಸಿಗೆಯ ಉದ್ದಕ್ಕೂ ಸಿಕ್ಕ ಫಲಿತಾಂಶ ಎಷ್ಟು ಚೆಂದವಿತ್ತೆಂದರೆ ನನಗೇ ನಾಚಿಕೆಯಾಗುವಷ್ಟು. ಹೊಳಲಿನ ತೋಟದ ಜೇಡಗಳು ನೊಣದ ಕಡೆ ಕಣ್ಣೆತ್ತಿಯೂ ನೋಡದೆ ಜೇಡದ ಕವಲಿಗೇ ಹೋಗುತ್ತಿದ್ದವು. ನೀಲಗುಂದದ ಕಲ್ಲಿನ ಜೇಡಗಳಿಗೆ ಅಂಥ ಹಟವಿಲ್ಲ. ಜೇಡವಾದರೂ ಸರಿ, ನೊಣವಾದರೂ ಸರಿ. ಒಂದೇ ಜಾತಿ, ಎರಡು ಊರು, ಎರಡು ಸ್ವಭಾವ. ತೋಟದವು ಹುಟ್ಟಿನಿಂದಲೇ ಜೇಡದ ರುಚಿ ಹಿಡಿದವು ಎಂದು ಒಂದು ಅಧ್ಯಾಯವನ್ನೇ ಬರೆದೆ. ಬಳ್ಳಾರಿಯಲ್ಲಿದ್ದ ನನ್ನ ಮಾರ್ಗದರ್ಶಕರು ಓದಿ, "ಇದೇ ನಿಮ್ಮ ಪ್ರಬಂಧದ ಬೆನ್ನೆಲುಬು ಕಣಮ್ಮ" ಎಂದರು.

ಮುಂಗಾರು ಹಿಡಿದ ಮೇಲೆ ಒಂದು ಬೆಳಗ್ಗೆ ಹೊಳಲಿನಿಂದ ಫೋನು ಬಂತು. ಮಾವ ತೋಟಕ್ಕೆ ನೀರು ತಿರುಗಿಸಲು ಹೋದವರು ಅಲ್ಲೇ ಕುಸಿದು ಹೋಗಿದ್ದರು. ಅತ್ತೆ ಅಳಲಿಲ್ಲ. ಒದ್ದೆ ಬಟ್ಟೆಯಲ್ಲಿದ್ದ ಮಾಲೆಯನ್ನು ತೆಗೆದುಕೊಂಡು ಹೋಗಿ ಅಣ್ಣನ ಎದೆಯ ಮೇಲೆ ಇಟ್ಟು ಬಂದರು. ತೀರಿಕೊಂಡವರಿಗಾಗಿ ಮಾಡುವ ಶಿವಗಣಾರಾಧನೆ ಮುಗಿಯುವತನಕ ನಮ್ಮ ಮನೆಗೆ ಹೂ ಬರಲಿಲ್ಲ. ಮಣ್ಣು ಮುಗಿಸಿ ಬಂದ ಮೇಲೆ ನಾನು ಕಾಲೇಜಿಗೆ ಹೋಗತೊಡಗಿದೆ, ಯಾಕೆಂದರೆ ಉಪವಾಸ ಇಟ್ಟ ಜೇಡಗಳು ಕಾಯುವುದಿಲ್ಲ.

ಆ ದಿನಗಳಲ್ಲಿ ತೋಟದ ಜೇಡಗಳು ಕೆಟ್ಟು ಕೂತವು. ಒಂದು ನೊಣಕ್ಕೆ ಹೋಯಿತು. ಇನ್ನೊಂದು ಕವಲಿನ ಬುಡದಲ್ಲೇ ಕೂತು ಮುಖ ಒರೆಸಿಕೊಂಡಿತು. ಮತ್ತೊಂದು ಜೇಡದ ಕವಲಲ್ಲಿ ಅರ್ಧ ಹೋಗಿ, ಏನೋ ಮರೆತವರ ಹಾಗೆ ವಾಪಸು ಬಂತು. ಮಳೆಯ ತಂಪು ಇರಬಹುದೆಂದು ಕೋಣೆಗೆ ಬಲ್ಬು ಹಾಕಿದೆ. ಬಿರಡೆಯ ಜೇಡ ಹಳತಾಯಿತೆಂದು ಹೊಸದು ಮಾಡಿದೆ. ಉಪವಾಸ ಹೆಚ್ಚಿಸಿದೆ, ಕಡಿಮೆ ಮಾಡಿದೆ. ಯಾವುದಕ್ಕೂ ಜಗ್ಗಲಿಲ್ಲ. ದುಃಖದಲ್ಲಿ ನನ್ನ ಕೈಯೇ ಸರಿಯಾಗಿ ನಡೆಯುತ್ತಿಲ್ಲವೇನೋ ಅಂದುಕೊಂಡೆ. ಆರಾಧನೆ ಮುಗಿದ ಮರುದಿನದಿಂದ ಅವು ಮತ್ತೆ ಮೊದಲಿನ ಹಾಗೆ ನೆಟ್ಟಗೆ ಜೇಡದ ಕಡೆಗೇ ನಡೆದವು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕಾರಣವಿಲ್ಲದೆ ಕೆಟ್ಟದ್ದು ಕಾರಣವಿಲ್ಲದೆ ಸರಿಹೋದರೆ ಎರಡನ್ನೂ ನಂಬುವ ಹಾಗಿಲ್ಲ.

ಹರಪನಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವ ರಸಾಯನಶಾಸ್ತ್ರದ ಮೇಷ್ಟ್ರು ನಮ್ಮಲ್ಲಿ ಎಲ್ಲರ ಕಾಲು ಎಳೆಯುವವರು. ಒಂದು ದಿನ ಸ್ಪಿರಿಟ್ ಕೇಳಲು ಹೋದವಳು ನನ್ನ ಸಂಕಟ ಹೇಳಿಕೊಂಡೆ. ನೋಡೇಬಿಡೋಣ ಎಂದು ಕೋಣೆಗೆ ಬಂದರು. ವಾಸನೆ ತೆಗೆಯಲು ನಾನು ಪಡುವ ಪಾಡನ್ನು ಒಂದೊಂದಾಗಿ ವಿವರಿಸಿದೆ: ಸ್ಪಿರಿಟ್, ಒಣಗಿಸುವುದು, ಅಂಟು, ತೊಳೆದ ಸೇತುವೆ. ಅವರು ಪೆಟ್ಟಿಗೆಯ ಮೇಲೆ ಬಗ್ಗಿದ್ದ ನನ್ನ ಪಕ್ಕದಲ್ಲಿ ನಿಂತು ಮೂಗೇರಿಸಿದರು.

"ಅದೆಲ್ಲಾ ಸರಿ ಮೇಡಂ. ಆದ್ರೆ ಇಲ್ಲಿ ಸ್ಪಿರಿಟ್ ವಾಸ್ನೆನೂ ಇಲ್ಲ, ಜೇಡದ ವಾಸ್ನೆನೂ ಇಲ್ಲ. ಮದುವೆ ಮನೆ ವಾಸ್ನೆ ಐತೆ ನೋಡ್ರಿ."

ನಗಬೇಕಾದವಳು ನಗಲಿಲ್ಲ. ಕೈ ತಾನಾಗಿ ಮುಡಿಗೆ ಹೋಯಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ನಮ್ಮ ಕಡೆ ಹೂ ಮುಡಿದ ಹೆಂಗಸು ತಾನು ಹೂ ಮುಡಿದಿದ್ದೇನೆ ಎಂದು ನೆನೆಸಿಕೊಳ್ಳುವುದೇ ಇಲ್ಲ. ಅದು ಕೂದಲಿನಷ್ಟೇ ಸಹಜ. ಸತ್ತ ನೊಣದ ವಾಸನೆ ತೊಳೆದ ನಾನು, ಹೊಳಲಿನ ತೋಟವನ್ನೇ ತಲೆಯ ಮೇಲೆ ಹೊತ್ತು ತಂದು, ದಿನಾ ಬೆಳಗ್ಗೆ ಆ ತೆಳು ಬಟ್ಟೆಯ ಮೇಲೆ ಬಗ್ಗಿಸಿ ಹಿಡಿದಿದ್ದೆ. ಹೂವಿಲ್ಲದ ದಿನಗಳು ಯಾವುವು, ಜೇಡ ಕೆಟ್ಟು ಕೂತ ದಿನಗಳು ಯಾವುವು ಎಂದು ಪ್ರತ್ಯೇಕ ನೋಡುವ ಅಗತ್ಯವೇ ಇರಲಿಲ್ಲ.

ಮಲ್ಲಿಗೆ ಗಿಡದ ಸುತ್ತ ಪತಂಗ ಬರುತ್ತದೆ, ಪತಂಗಕ್ಕಾಗಿ ಬಲೆಯ ಜೇಡ ಬರುತ್ತದೆ, ಅದಕ್ಕಾಗಿ ನನ್ನ ಜೇಡ ಬರುತ್ತದೆ. ತೋಟದಲ್ಲಿ ಬದುಕಿದ ಜೇಡಕ್ಕೆ ಆ ಕಂಪು ಬಂತೆಂದರೆ 'ಹತ್ತಿರದಲ್ಲಿ ಜೇಡ ಇದೆ, ಕಣ್ಣಿಟ್ಟಿರು' ಎಂದು ಅರ್ಥವಿರಬಹುದು. ಕಲ್ಲುಗುಡಿಯದಕ್ಕೆ ಅದು ಬರಿ ಒಂದು ವಾಸನೆ. ಹಾಗಿದ್ದರೆ 'ಹುಟ್ಟಿನಿಂದಲೇ ಜೇಡದ ರುಚಿ' ಎಂದು ಬರೆದ ಅಧ್ಯಾಯ ಸುಳ್ಳು. ಇದು ಊಹೆ ಮಾತ್ರ, ಸಾಬೀತಾಗಬೇಕಿತ್ತು.

ಮರುದಿನ ಬಸ್ಸಿಳಿದ ಕೂಡಲೇ ಮಾಲೆ ತೆಗೆದು ಕರವಸ್ತ್ರದಲ್ಲಿ ಸುತ್ತಿ ರಸಾಯನಶಾಸ್ತ್ರ ವಿಭಾಗದಲ್ಲಿಟ್ಟು ಬಂದೆ. ತೋಟದ ಜೇಡಗಳು ಮತ್ತೆ ತಬ್ಬಿಬ್ಬಾದವು. ಕೆಲವು ದಿನ ಹೀಗೇ ನಡೆಯಿತು. ಮಾರ್ಗದರ್ಶಕರಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ನೋಡಮ್ಮ, ಕೋಣೆಯ ಉಷ್ಣಾಂಶ ಎಷ್ಟಿತ್ತು ಅಂತ ಕೇಳ್ತಾರೆ. ಬೆಳಕು ಎಷ್ಟಿತ್ತು ಅಂತ ಕೇಳ್ತಾರೆ. ಹೂ ಮುಡಿದಿದ್ರಾ ಅಂತ ಯಾವ ಪರೀಕ್ಷಕರೂ ಕೇಳಲ್ಲ. ನಿಮ್ಮ ಅವಧಿ ಎಷ್ಟು ಉಳಿದಿದೆ ಅಂತ ಗೊತ್ತಲ್ಲ?"

"ಗೊತ್ತು ಸರ್. ಆದ್ರೆ ಈಗ ನನಗೇ ಗೊತ್ತಾಗಿಬಿಟ್ಟಿದೆ."

ನನಗೆ ಭಯವಾಗಿತ್ತು; ಸುಮ್ಮನಿದ್ದುಬಿಡು ಎಂದು ಅವರು ಇನ್ನೊಮ್ಮೆ ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ. ಅವರು ಕೇಳಿದ್ದು ಬೇರೆ: "ಮಲ್ಲಿಗೆ ಎಲ್ಲೀತನಕ ಸಿಗುತ್ತೆ?"

ಚಳಿ ಬಿದ್ದರೆ ಮಲ್ಲಿಗೆ ಕೈಬಿಡುತ್ತದೆ ಎಂದೆ. "ಹಾಗಾದರೆ ಅಷ್ಟರೊಳಗೆ ಮುಗಿಸಿ" ಎಂದರು. ಆ ರಾತ್ರಿ ಬೇಸಿಗೆಯ ಅಧ್ಯಾಯವನ್ನು ತೆಗೆದುಹಾಕಿದೆ.

ಅಸಲು ಕಷ್ಟ ಮನೆಯಲ್ಲಿ ಕಾದಿತ್ತು. ನಾನು ಬಸ್ಸಿಳಿದ ಕೂಡಲೇ ಹೂ ತೆಗೆದದ್ದನ್ನು ಕಂಡ ನಮ್ಮೋಣಿಯ ಹೆಂಗಸೊಬ್ಬಳು ಅತ್ತೆಗೆ ಮುಟ್ಟಿಸಿದ್ದಳು. ಸಂಜೆ ಹೋದಾಗ ಅತ್ತೆ ಕಟ್ಟೆಯ ಮೇಲೆ ಮೊಗ್ಗಿನ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದರು. ಮಾಲೆ ಕಟ್ಟಿರಲಿಲ್ಲ.

"ನಾ ಕಟ್ಟಿದ ಹೂವು ನಿನಗ ಭಾರ ಆಗಿದ್ರ ಹೇಳಬೇಕಿತ್ತು. ಬಸ್ ಸ್ಟ್ಯಾಂಡಿನಾಗ ಮಂದಿ ಮುಂದ ಕಿತ್ತು ತಗಿಯೋದೇನಿತ್ತು?"

ನಾನು ಪಕ್ಕದಲ್ಲಿ ಕೂತು ಜೇಡದ ಕಥೆ ಹೇಳಿದೆ. ಪೂರ್ತಿ ಕೇಳಿದರು. ಹೂ ಮುಡಿಯುವುದನ್ನು ಪ್ರಯೋಗ ಮುಗಿಯುವತನಕ ಬಿಡಬೇಕು, ಕೂದಲಿಗೂ ಕೈಗೂ ಆ ವಾಸನೆ ತಾಗಬಾರದು ಎಂದಾಗ ಅವರ ಮುಖ ಬಿಗಿಯಿತು.

"ಒಂದು ಹುಳಕ್ಕ ಸಲುವಾಗಿ ಮುತ್ತೈದಿ ಬರಿ ತಲೀಲೆ ತಿರುಗ್ತಿ? ಬರಿ ತಲಿ ಅಂದ್ರ ಏನಂತ ನನಗ ಗೊತ್ತೈತಿ ಯವ್ವಾ. ನಿನಗ ಯಾಕ ಬೇಕು ಅದು?"

ಒಳಗಿಂದ ನನ್ನ ಗಂಡ, ಕೊಟ್ಟೂರಿನಲ್ಲಿ ಕಾಳಿನ ವ್ಯಾಪಾರ ಮಾಡುವವರು, ಕೂಗಿದರು: "ಯವ್ವಾ, ನಾ ಇನ್ನಾ ಗಟ್ಟಿ ಅದೀನಿ. ಹೂವಿಲ್ಲಂದ್ರ ನಾನೇನು ಹೋಗಂಗಿಲ್ಲ."

"ಬಾಯಿ ಮುಚ್ಚಲೇ" ಎಂದರು ಅತ್ತೆ. ಆ ಹೊತ್ತಿಗೆ ನನಗೂ ಅಳು ಬಂದಿತ್ತು. "ಇದು ಆಗದಿದ್ರ ಇಷ್ಟು ವರ್ಷದ್ದು ಎಲ್ಲಾ ಹೋಗ್ತದ್ರಿ ಅತ್ತಿ" ಎಂದಷ್ಟೇ ಹೇಳಿದೆ. ಅವರು ಬುಟ್ಟಿ ಎತ್ತಿಕೊಂಡು ಎದ್ದು ಹೋದರು.

ಮರುದಿನ ಬೆಳಗ್ಗೆ ಹೊಸ್ತಿಲಲ್ಲಿ ಯಾರೂ ಇರಲಿಲ್ಲ. ಸಂಜೆ ಬಂದು ನೋಡಿದರೆ ಅತ್ತೆ ಎದುರುಮನೆಯ ಕಟ್ಟೆಯ ಮೇಲೆ ಕೂತು ಮಾಲೆ ಕಟ್ಟುತ್ತಿದ್ದರು. ನಾನು ಅತ್ತ ಹೆಜ್ಜೆ ಇಟ್ಟಿದ್ದೇ, "ಅಲ್ಲೇ ನಿಂದ್ರು, ವಾಸನಿ ಹತ್ತೀತು!" ಎಂದು ಗದರಿದರು. "ಹೂವು ಹೆಂಗ ಬೇಕು? ಮಾಲಿನೋ, ಬಿಡಿ ಹೂವೋ?"

ಹೊಸ ಕ್ರಮವನ್ನು ಹೀಗೆ ಮಾಡಿಕೊಂಡೆವು. ಪೆಟ್ಟಿಗೆಯ ಹಿಂದೆ ಒಂದು ಸಣ್ಣ ಅರೆ. ಅದರಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಒಂದು ದಿನ ಅರಳಿದ ಮಲ್ಲಿಗೆ, ಒಂದು ದಿನ ಬರಿ ಒದ್ದೆ ಹತ್ತಿ. ಯಾವ ದಿನ ಏನು ಎಂಬುದು ಚೀಟಿ ಎತ್ತಿ ತೀರ್ಮಾನಿಸುವ ರಸಾಯನಶಾಸ್ತ್ರದ ಮೇಷ್ಟ್ರಿಗೆ ಮಾತ್ರ ಗೊತ್ತು. ನನ್ನ ಮೂಗಿಗೆ ಗೊತ್ತಾಗಬಾರದಲ್ಲ, ಅದಕ್ಕೆ ಪೆಟ್ಟಿಗೆಯನ್ನು ಗಾಜಿನಿಂದ ಮುಚ್ಚಿ, ಗಾಳಿಯನ್ನು ಸಣ್ಣ ಪಂಪಿನಿಂದ ಅರೆಯ ಮೂಲಕ ಒಳಗೆ ಹಾಯಿಸಿ ಕಿಟಕಿಯಾಚೆ ಬಿಟ್ಟೆವು. ಹೂ ನನ್ನ ಬಸ್ಸಿನಲ್ಲಿ ಬರುವಂತಿಲ್ಲ. ಅತ್ತೆ ದಿನವೂ ಬೆಳಗ್ಗೆ ನನಗಿಂತ ಮೊದಲೇ ಮನೆ ಬಿಟ್ಟು, ಕೊಟ್ಟೂರು ಬಸ್ ನಿಲ್ದಾಣಕ್ಕೆ ನಡೆದು, ಹರಪನಹಳ್ಳಿಯಿಂದ ಬರುವ ಬಸ್ಸಿನ ಕಿಟಕಿಯಲ್ಲಿ ಮೇಷ್ಟ್ರ ಕೈಗೆ ಬಾಳೆಲೆಯ ಪೊಟ್ಟಣ ಕೊಡುತ್ತಿದ್ದರು.

"ಯಾರಿಗ್ರಿ ಅಮ್ಮಾ ದಿನಾ ಹೂವು?" ಎಂದು ಕಂಡಕ್ಟರ್ ಕೇಳಿದನಂತೆ.

"ಜ್ಯಾಡಕ್ಕ" ಎಂದರಂತೆ ಅತ್ತೆ. ಕಂಡಕ್ಟರ್ ಮತ್ತೆ ಕೇಳಲಿಲ್ಲ ಎಂದು ಮೇಷ್ಟ್ರು ನಗುತ್ತಾ ಹೇಳಿದರು. "ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋದಂಗೆ ನಿಮ್ಮ ಪ್ರಬಂಧದಾಗೆ ನನ್ನ ಹೆಸರೂ ಬರ್ತೈತಿ ಬಿಡ್ರಿ."

ವಿಘ್ನಗಳು ಬರದೆ ಇರಲಿಲ್ಲ. ತೋಟ ಈಗ ಮಾವನ ಮಗನ ಕೈಯಲ್ಲಿತ್ತು. ಅವನು ವಿಷಯ ತಿಳಿಯದೆ ನನ್ನ ಅಂಚಿಗೂ ಔಷಧಿ ಹೊಡೆದ. ಹೊಸ ಜೇಡ ಸಿಗುವ ದಾರಿ ಮುಚ್ಚಿತು. ಪೆಟ್ಟಿಗೆಗೆ ಹಾಕುವ ಹೂವಿಗೂ ಬೇರೆ ತೋಟ ಹುಡುಕಬೇಕಾಯಿತು. ಇದ್ದ ಜೇಡಗಳನ್ನೇ ಉಳಿಸಿಕೊಳ್ಳಬೇಕಿತ್ತು. ಒಂದೊಂದಕ್ಕೂ ಬೇರೆ ಡಬ್ಬಿ, ಬೇರೆ ಹತ್ತಿಯ ನೀರು, ಏಕೆಂದರೆ ಎರಡು ಒಟ್ಟಿಗಿದ್ದರೆ ಸ್ವಲ್ಪ ಹೊತ್ತಿಗೆ ಒಂದೇ ಇರುತ್ತದೆ. ಒಮ್ಮೆ ಇರುವೆ ನುಗ್ಗಿ ನೀಲಗುಂದದ ಕೆಲವನ್ನು ಮುಗಿಸಿದವು. ಮತ್ತೊಮ್ಮೆ ಗುಡಿಯ ಗೋಡೆಗೆ ಹೋಗಿ ತಂದೆ.

ಓಣಿಯಲ್ಲಿ ಮಾತು ಹುಟ್ಟಿತು. ಗಂಡ ಹೆಂಡಿರಿಗೆ ಆಗಿಬರುತ್ತಿಲ್ಲವೆಂದು ಒಬ್ಬರು, ಯಾವುದೋ ಹರಕೆಯೆಂದು ಒಬ್ಬರು. ಅತ್ತೆ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು: "ಆಕಿ ಓದಾಕತ್ಯಾಳ." ಓದಿಗೂ ಹೂವಿಗೂ ಏನು ಸಂಬಂಧ ಎಂದು ಕೇಳಿದವರಿಗೆ, "ಅದ ಆಕಿ ಓದು" ಎನ್ನುತ್ತಿದ್ದರಂತೆ.

ಮಲ್ಲಿಗೆಯ ಪೊಟ್ಟಣ ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಬಂತು. ಕಡೆಯ ಪೊಟ್ಟಣದ ಹೂ ಚೀಲದ ತಳವನ್ನೂ ಮುಚ್ಚಲಿಲ್ಲ ಎಂದು ಮೇಷ್ಟ್ರು ಆಮೇಲೆ ಹೇಳಿದರು. ಅವರು ತಮ್ಮ ಚೀಟಿಗಳನ್ನು ಬಿಚ್ಚಿ ನನ್ನ ದಾಖಲೆಯ ಪಕ್ಕದಲ್ಲಿಟ್ಟ ದಿನ ಒಂದೊಂದೇ ಸಾಲು ಹೋಲಿಸಿ ನೋಡಿದೆ. ಹೂ ಇದ್ದ ದಿನ ತೋಟದ ಜೇಡಗಳು ಜೇಡದ ಕಡೆ ಹೋಗಿದ್ದವು, ಬರಿ ಹತ್ತಿಯ ದಿನ ಕಂಡಕಂಡತ್ತ. ಎಲ್ಲ ಸಲವೂ ಅಲ್ಲ, ಆದರೆ ಸಂಶಯಕ್ಕೆ ಎಡೆಯಿಲ್ಲದಷ್ಟು. ಗುಡಿಯ ಜೇಡಗಳಿಗೆ ಹೂವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ತೋಟದವು ಆ ಕಂಪನ್ನು ಕಲಿತವೋ, ಹುಟ್ಟುತ್ತಲೇ ತಂದವೋ ಎಂಬುದು ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದೇ ಬರೆದೆ.

ಬಳ್ಳಾರಿಯಲ್ಲಿ ಪ್ರಬಂಧ ಒಪ್ಪಿಸುವ ಮುಂಚಿನ ಸಭೆಯಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು, ವಾಸನೆಯ ಮಾತು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಬೇಸಿಗೆಯ ಅಧ್ಯಾಯ ತೆಗೆದದ್ದನ್ನೂ ಸೇರಿಸಿ. ಸಭೆಯಲ್ಲಿ ನಗು ಎದ್ದಿತು. ಅವರು ನಗಲಿಲ್ಲ. "ಒಪ್ಪಿಸಿ" ಎಂದರು. ಗಡುವಿಗೆ ಮುಂಚೆಯೇ ಪ್ರಬಂಧ ಒಪ್ಪಿಸಿದೆ.

ಆ ಸಂಜೆ ಕೊಟ್ಟೂರಿಗೆ ಬಂದಾಗ ಚಳಿ ಶುರುವಾಗಿತ್ತು. ಅತ್ತೆ ನಮ್ಮ ಮನೆಯದೇ ಕಟ್ಟೆಯ ಮೇಲಿದ್ದರು.

"ಮುಗೀತೇನು?"

"ಮುಗೀತ್ರಿ ಅತ್ತಿ. ಕೊಟ್ಟು ಬಂದೆ." ಅವರ ಪಕ್ಕದಲ್ಲಿ ಕೂತು, ಬಹಳ ದಿನದಿಂದ ಹೇಳಬೇಕೆಂದಿದ್ದನ್ನು ಹೇಳಿದೆ. "ದಿನಾ ನಸುಕಿನ್ಯಾಗ ಎದ್ದು ಅಷ್ಟು ದೂರ ನಡದ್ರಿ. ಹರಪನಹಳ್ಳಿ ಬಸ್ಸು ಬರೋದು ತಡ ಐತಿ, ನಾ ಹೋದ ಮ್ಯಾಲೆ ಹೋಗಿದ್ರೂ ನಡೀತಿತ್ತು."

"ಬಸ್ಸು ತಡ ಅಂತ ನನಗ ಗೊತ್ತಿಲ್ಲೇನು?" ಅತ್ತೆ ಬೀದಿಯ ಕಡೆ ನೋಡುತ್ತಾ ಹೇಳಿದರು. "ನೀ ಬರಿ ತಲೀಲೆ ಹೊಸ್ತಿಲ ದಾಟೋದು ನನ್ನ ಕಣ್ಣೀಲೆ ನೋಡಾಕ ಆಗ್ತಿರಲಿಲ್ಲ. ಅದಕ್ಕ ಮೊದಲ ಹೋಗಿ ಅಲ್ಲಿ ಕುಂದರ್ತಿದ್ದೆ."

ಅವರು ಸೆರಗಿನ ಮರೆಯಲ್ಲಿದ್ದ ಒದ್ದೆ ಬಟ್ಟೆಯ ಗಂಟು ತೆಗೆದು ಬಿಚ್ಚಿದರು.

"ಮಲ್ಲಿಗಿ ಮುಗದೈತಿ. ಸಂತ್ಯಾಗ ಕಾಕಡದ ಹೂವಷ್ಟ ಸಿಕ್ಕಾವು" ಎಂದು ಮಾಲೆಯನ್ನು ಕೈಗೆತ್ತಿಕೊಂಡರು. "ತಿರುಗು."